ಅವ್ವನಿಗೆ ಕೊಡಿಸಿದ ಕುರ್ಚಿ

ನಮ್ಮ ಮನೆಯಲ್ಲಿ ಅನ್ನದ ಮೇಲೆ ಮಣ್ಣು ಉದುರಿದರೆ ಗೋಲಾಗಿದೆ ಎಂದು ಅರ್ಥ. ಅಡುಗೆಮನೆಯಲ್ಲಿ ಉಳಿದವರಿಗೆ ಸ್ಕೋರು ತಿಳಿಯುತ್ತಿದ್ದದ್ದು ಹಾಗೆ. ಕೂಡ್ಲಿಗಿಯಲ್ಲಿ ನಮ್ಮದು ಹಳೆಯ ಮಾಳಿಗೆ ಮನೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಒಣಗಿದ ಸೊಪ್ಪು, ಅದರ ಮೇಲೆ ಗೇಣು ದಪ್ಪದ ಮಣ್ಣು, ಇಷ್ಟೇ ನಮ್ಮ ತಲೆಯ ಮೇಲಿನ ಸೂರು. ಹಿತ್ತಲ ಗೋಡೆಯಾಚೆ ಒಂದು ಗಲ್ಲಿ, ಗಲ್ಲಿಯಾಚೆ ಮೈದಾನ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಹತ್ತು ದಿನ ಫುಟ್‌ಬಾಲ್ ಟೂರ್ನಮೆಂಟ್ ನಡೆಯುತ್ತಿತ್ತು. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಿಂದ ತಂಡಗಳು ಬರುತ್ತಿದ್ದವು. ಗಂಡಸರು ಮೈದಾನದ ಸುತ್ತಲಿನ ಮಣ್ಣಿನ ದಿಬ್ಬದ ಮೇಲೆ ನಿಲ್ಲುತ್ತಿದ್ದರು. ಹೆಂಗಸರು ನಿಲ್ಲುತ್ತಿದ್ದದ್ದು ನಮ್ಮ ಮಾಳಿಗೆಯ ಮೇಲೆ. ಗೋಲಾದಾಗ ಐವತ್ತು ಜೋಡಿ ಕಾಲುಗಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದವು; ಜಂತಿಯ ಸಂದಿಯಿಂದ ಕೆಳಗೆ ಮಣ್ಣು ಸುರಿಯುತ್ತಿತ್ತು. ಹಾಗಾಗಿ ಆ ಹತ್ತು ದಿನ ಸಾರಿನ ಪಾತ್ರೆಯಿಂದ ಹಿಡಿದು ನೀರಿನ ಕೊಡದವರೆಗೆ ನಮ್ಮಲ್ಲಿ ಎಲ್ಲಕ್ಕೂ ತಾಟು ಮುಚ್ಚಿರುತ್ತಿತ್ತು. ರೊಟ್ಟಿ ಬಡಿಯುವ ಕೆಲಸವನ್ನು ಹಾಫ್ ಟೈಮಿಗೆ ಇಟ್ಟುಕೊಳ್ಳುತ್ತಿದ್ದರು.

ಈ ಏರ್ಪಾಡು ಮಾಡಿದವಳು ನನ್ನ ಅವ್ವ. ಮೊದಮೊದಲು ನೆರೆಯ ಮೂರು ನಾಲ್ಕು ಹೆಂಗಸರು ಏಣಿ ಹತ್ತಿ ಬರುತ್ತಿದ್ದರಂತೆ. ಬರುವವರು ಇಪ್ಪತ್ತಾದಾಗ ಅಪ್ಪ ಏಣಿಯನ್ನು ತೆಗೆದು ಹಿತ್ತಲಲ್ಲಿ ಮಲಗಿಸಿದರು. ಇಷ್ಟು ಜನ ತುಳಿದರೆ ಮಳೆಗಾಲದಲ್ಲಿ ಮಾಳಿಗೆ ಸೋರದೇ ಇರುತ್ತದೆಯೇ, ಅದಕ್ಕೆ ಯಾರು ಹೊಣೆ ಎಂದು ಕೇಳಿದರು. ಅಪ್ಪನಿಗೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅವ್ವ ಎದುರಾಡಲಿಲ್ಲ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು:

“ನಿಂತೋರದ ಹೊಣಿ. ಒಬ್ಬೊಬ್ಬರು ಒಂದೊಂದು ಪುಟ್ಟಿ ಕರಲು ಮಣ್ಣು ತರ್ತಾರ. ಹಾಸಿ ಅದರ ಮ್ಯಾಲೇ ನಿಂದ್ರತಾರ. ನಿಮಗ ತುಳಿಯಾಕ ಆಳು ಕರಿಯಾದೂ ತಪ್ತೈತಿ.”

ಊರಾಚೆ ಹಳ್ಳದ ದಂಡೆಯಲ್ಲಿ ಬೆಳೆ ಹತ್ತದ ಉಪ್ಪು ನೆಲವಿದೆ. ಅಲ್ಲಿನ ಬೂದಿಬಣ್ಣದ ಮಣ್ಣಿಗೆ ಕರಲು ಮಣ್ಣು ಎನ್ನುತ್ತೇವೆ. ಮಳೆಗಾಲಕ್ಕೆ ಮುಂಚೆ ಅದನ್ನು ಮಾಳಿಗೆಗೆ ಹಾಸಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿದರೆ ಒಂದು ಹನಿಯೂ ಕೆಳಗಿಳಿಯುವುದಿಲ್ಲ. ಅಪ್ಪ ಆ ವರ್ಷ ಒಪ್ಪಿದರು. ಮಳೆ ಬಂತು, ಹೋಯಿತು, ಓಣಿಯ ಮನೆಗಳೆಲ್ಲ ಸೋರಿದವು, ನಮ್ಮದು ಸೋರಲಿಲ್ಲ. ಆಮೇಲೆ ಟೂರ್ನಮೆಂಟಿನ ಮೊದಲ ದಿನ ಏಣಿ ಹಾಕುತ್ತಿದ್ದವರು ಸ್ವತಃ ಅಪ್ಪನೇ. ತಲೆಯ ಮೇಲೆ ಪುಟ್ಟಿ ಹೊತ್ತ ಹೆಂಗಸರು ಗಲ್ಲಿಯ ಉದ್ದಕ್ಕೂ ಸಾಲುಗಟ್ಟಿ ಬರುತ್ತಿದ್ದರು. ಅದೇ ನಮ್ಮ ಟಿಕೆಟ್ಟು. ಹತ್ತು ದಿನಗಳ ಆಟ ಮುಗಿಯುವ ಹೊತ್ತಿಗೆ ಮಾಳಿಗೆ ಸಿಮೆಂಟಿನಂತೆ ಗಟ್ಟಿಯಾಗಿರುತ್ತಿತ್ತು.

ಅಲ್ಲಿ ಕೂರುವ ಪ್ರಶ್ನೆಯೇ ಇರಲಿಲ್ಲ. ಮಾಳಿಗೆಯ ಅಂಚಿನ ಕುಂಬಿ ಎದೆಮಟ್ಟಕ್ಕಿತ್ತು. ಕೂತರೆ ಕಾಣುವುದು ಆಕಾಶ ಮಾತ್ರ. ಗಿಡ್ಡ ಇದ್ದವರು ಮುಂದೆ, ಎತ್ತರದವರು ಹಿಂದೆ, ಬಸುರಿಯರು ಏಣಿಯ ಹತ್ತಿರ. ಇಷ್ಟು ಬಿಟ್ಟರೆ ಬೇರೆ ನಿಯಮವಿರಲಿಲ್ಲ. ಈಗ ನೆನೆದರೆ ಇದು ಎಷ್ಟು ದೊಡ್ಡ ಮಾತು ಅನ್ನಿಸುತ್ತದೆ. ಕೆಳಗೆ ನಮ್ಮ ಪಡಸಾಲೆಯಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವುದಕ್ಕೆ ಬಹಳ ಸೂಕ್ಷ್ಮವಾದ ವ್ಯವಸ್ಥೆಯಿತ್ತು. ಕೆಲವರಿಗೆ ಜಮಖಾನೆ, ಕೆಲವರಿಗೆ ಚಾಪೆ, ಕೆಲವರಿಗೆ ಬರೀ ನೆಲ, ಇನ್ನು ಕೆಲವರು ಹೊಸ್ತಿಲಿನ ಆಚೆಗೇ. ಬಂದವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವರಿಗೇ ಗೊತ್ತಿರುತ್ತಿತ್ತು. ಮಾಳಿಗೆಯ ಮೇಲೆ ಆ ವ್ಯವಸ್ಥೆ ನಡೆಯುತ್ತಿರಲಿಲ್ಲ. ನಿಂತವರಿಗೆ ಜಾಗ ಅಂದರೆ ಎರಡು ಪಾದದಷ್ಟು. ಅಷ್ಟರಲ್ಲಿ ಯಾವ ದೊಡ್ಡಸ್ತಿಕೆಯನ್ನು ತಾನೇ ಇಟ್ಟುಕೊಳ್ಳಲು ಸಾಧ್ಯ? ಅಂಗಡಿ ಸಾಹುಕಾರರ ಸೊಸೆಯ ಭುಜಕ್ಕೆ ಪಾತ್ರೆಗೆ ಕಲಾಯಿ ಹಾಕುವವನ ಹೆಂಡತಿ ಗದ್ದವಿಟ್ಟು ನಿಂತಿರುತ್ತಿದ್ದಳು. ಒಬ್ಬರ ಬೆವರು ಒಬ್ಬರಿಗೆ ಅಂಟುತ್ತಿತ್ತು.

ಅವ್ವ ನಿಲ್ಲುತ್ತಿದ್ದದ್ದು ಕುಂಬಿಯ ಎಡಮೂಲೆಯಲ್ಲಿ. ಕೆಳಗೆ ಪಿಸುಮಾತಿನಲ್ಲಿ ಸಂಸಾರ ನಡೆಸುತ್ತಿದ್ದ ಹೆಂಗಸು ಮಾಳಿಗೆಯ ಮೇಲೆ ಬೇರೆಯೇ ಆಗಿಬಿಡುತ್ತಿದ್ದಳು. ಸೆರಗು ಸೊಂಟಕ್ಕೆ ಬರುತ್ತಿತ್ತು. ಗಂಟಲು ಮೈದಾನದ ಆಚೆ ತುದಿಗೆ ಮುಟ್ಟುತ್ತಿತ್ತು. ಆಟದ ಕಾನೂನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ನೋಡಿ ಕಲಿತಿದ್ದಳು. ಆಟಗಾರರನ್ನು ಗುರುತಿಸುತ್ತಿದ್ದದ್ದು ಮುಖದಿಂದಲ್ಲ, ಅವರು ಓಡುವ ಕಾಲುಗಳಿಂದ. ಎಡಬದಿಯಲ್ಲಿ ಆಡುವವನು ಚೆಂಡಿಗಾಗಿ ಕಾದು ನಿಂತಿದ್ದರೆ ಮೇಲಿನಿಂದ ಕೂಗುತ್ತಿದ್ದಳು:

“ಏ, ಗ್ವಾಡಿಗೆ ಆನಿಕೊಂಡಂಗ ನಿಂತೀಯಲ್ಲೋ. ಅದು ನಿನ್ನ ಕಡಿ ಬರಂಗಿಲ್ಲ, ನೀನೇ ಹೋಗಬೇಕು.”

ಅವನು ಹೋಗುತ್ತಿದ್ದ. ದಿಬ್ಬದ ಮೇಲಿನ ಗಂಡಸರು ನಗುತ್ತಿದ್ದರು, ಆದರೆ ಅವರೂ ತಿರುಗಿ ಮಾಳಿಗೆಯ ಕಡೆ ನೋಡುತ್ತಿದ್ದರು. ದಿಬ್ಬದ ಕೂಗು ಮಾಳಿಗೆಗೆ ತಾಗಿ, ಮಾಳಿಗೆಯ ಕೂಗು ದಿಬ್ಬಕ್ಕೆ ತಾಗಿ, ನಡುವೆ ಆಡುವವರಿಗೆ ಜೀವ ಬರುತ್ತಿತ್ತು. ಇಂಗ್ಲಿಷ್ ಪೇಪರಿನವರು ಅಟ್ಮಾಸ್ಫಿಯರ್ ಅನ್ನುತ್ತಾರಲ್ಲ, ನಮ್ಮೂರಿನಲ್ಲಿ ಅದರ ಅರ್ಧ ಪಾಲು ನಮ್ಮ ಮಾಳಿಗೆಯ ಮೇಲಿತ್ತು.

ಅದರಿಂದ ನನ್ನನ್ನು ಕಿತ್ತು ಒಂಬತ್ತನೇ ವಯಸ್ಸಿಗೆ ಬಳ್ಳಾರಿಯ ಕಾನ್ವೆಂಟಿಗೆ ಸೇರಿಸಿದರು. ಬೋರ್ಡಿಂಗಿನಲ್ಲಿ ಮೊದಲ ತಿಂಗಳು ನನಗೆ ಕಲಿಸಿದ್ದು ಇಂಗ್ಲಿಷನ್ನಲ್ಲ, ಕೂರುವುದನ್ನು. ಮೊಣಕಾಲು ಜೋಡಿಸಿ, ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. ಸಿಸ್ಟರ್ ಒಬ್ಬರು ಊಟದ ಬೆಂಚುಗಳ ನಡುವೆ ಮರದ ಸ್ಕೇಲು ಹಿಡಿದು ನಡೆಯುತ್ತ ನಮ್ಮ ಪಾಸ್ಚರ್ ನೋಡುತ್ತಿದ್ದರು. ಕೆಟ್ಟವರಲ್ಲ ಅವರು, ಜ್ವರ ಬಂದಾಗ ನನ್ನ ಹಣೆಯ ಮೇಲೆ ಕೈಯಿಟ್ಟು ಕೂತಿದ್ದವರು. ನಾನೇ ಅವರ ಪಾಠವನ್ನು ಮಿತಿಮೀರಿ ಕಲಿತೆ. ಬೇಸಿಗೆಗೆ ಊರಿಗೆ ಬಂದಾಗ ಮಾಳಿಗೆ ಹತ್ತುತ್ತಿದ್ದೆ, ಆದರೆ ನನ್ನ ಕಣ್ಣು ಮೈದಾನದ ಮೇಲಿರುತ್ತಿರಲಿಲ್ಲ, ಅವ್ವನ ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮೇಲಿರುತ್ತಿತ್ತು. ಅವ್ವ ಕೂಗಿದರೆ ನನ್ನ ಕಿವಿ ಕೆಂಪಾಗುತ್ತಿತ್ತು. ಹದಿಮೂರನೇ ವಯಸ್ಸಿನಲ್ಲಿ ಒಮ್ಮೆ, ತಲೆನೋವು ಎಂದು ಸುಳ್ಳು ಹೇಳಿ ಕೆಳಗೇ ಉಳಿದೆ. ತಲೆಯ ಮೇಲಿನಿಂದ ಮಣ್ಣು ಉದುರಿ ನನ್ನ ತೆರೆದ ಪುಸ್ತಕದ ಮೇಲೆ ಬಿತ್ತು. ಕರ್ಚೀಫಿನಿಂದ ಒರೆಸಿ ಮುಂದೆ ಓದಿದೆ. ನಾನು ಯಾರಾಗಬೇಕು ಎಂದು ನಿರ್ಧಾರವಾದದ್ದು ಆ ದಿನವೇ ಇರಬೇಕು.

ಮದುವೆ ಬೇಡವೆಂದೆ. ಊರಿನ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿ, ಹುಟ್ಟಿದ ಮನೆಯಲ್ಲೇ ಉಳಿದೆ. ಅಪ್ಪ ತೀರಿಕೊಂಡರು, ಯಜಮಾನಿಕೆ ಅಣ್ಣನಿಗೆ ಬಂತು. ಅವ್ವನ ಕೂದಲು ಬೆಳ್ಳಗಾಯಿತು. ಏಣಿ ಹತ್ತುವುದು ಮಾತ್ರ ನಿಲ್ಲಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಪಡಸಾಲೆಗೆ ಕಲರ್ ಟಿವಿ ಬಂತು. ಅದರಲ್ಲಿ ಪರದೇಶದ ಮೈದಾನಗಳು ಬಂದವು. ಅಲ್ಲಿ ನಿಂತು ನೋಡುವ ಮೆಟ್ಟಿಲುಗಳನ್ನೆಲ್ಲ ಒಡೆದು, ಪ್ರತಿಯೊಬ್ಬರಿಗೂ ನಂಬರು ಬರೆದ ಕುರ್ಚಿ ಹಾಕುತ್ತಿದ್ದಾರೆ, ಇನ್ನು ಹೆಂಗಸರು ಮಕ್ಕಳೂ ಮರ್ಯಾದೆಯಿಂದ ಬಂದು ನೋಡಬಹುದು ಎಂದು ಪೇಪರಿನಲ್ಲಿ ಓದಿದೆ. ಓದಿದ್ದನ್ನು ಅಣ್ಣನಿಗೆ ಹೇಳಿದೆ. ಅವನಿಗೆ ಬೇರೆ ಚಿಂತೆಯಿತ್ತು. ತೊಲೆಗಳು ಹಳೆಯವು, ಐವತ್ತು ಅರವತ್ತು ಜನರ ಭಾರ, ಯಾವತ್ತಾದರೂ ಮುರಿದರೆ ಜೈಲಿಗೆ ಹೋಗುವವನು ನಾನು ಎನ್ನುತ್ತಿದ್ದ. ಅವನ ಭಯ ಸುಳ್ಳಲ್ಲ. ನನ್ನ ನಾಚಿಕೆಗೆ ಅವನ ಭಯ ಒಳ್ಳೆಯ ಜೊತೆಯಾಯಿತು.

ಆ ವರ್ಷ ಟೂರ್ನಮೆಂಟ್ ಕಮಿಟಿಯವರು ಸರ್ಟಿಫಿಕೇಟು ಬರೆಸಿಕೊಳ್ಳಲು ನನ್ನಲ್ಲಿಗೆ ಬಂದರು. ನನ್ನದು ಕಾನ್ವೆಂಟಿನ ಹ್ಯಾಂಡ್‌ರೈಟಿಂಗ್. ಬರೆದುಕೊಡುತ್ತೇನೆ, ಆದರೆ ಲೇಡೀಸಿಗೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಸಬೇಕು ಎಂದೆ. ಹೆಂಗಸರು ಎಷ್ಟು ವರ್ಷ ಅಂತ ಮಾಳಿಗೆಯ ಮೇಲೆ ನಿಂತು ಇಣುಕಬೇಕು, ಇದು ನಮ್ಮೂರಿಗೆ ಶೋಭೆಯೇ ಎಂದೂ ಕೇಳಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸುತ್ತದೆ, ಏಕೆಂದರೆ ಅವರು ಕೂಡಲೇ ಒಪ್ಪಿದರು. ಅರವತ್ತು ಕುರ್ಚಿ ಹಾಕಿಸುತ್ತೇವೆ, ಯಾರು ಯಾರಿಗೆ ಪಾಸು ಕೊಡಬೇಕೋ ಲಿಸ್ಟನ್ನೂ ಟೀಚರೇ ಮಾಡಿಕೊಡಲಿ ಎಂದರು.

ಲಿಸ್ಟ್ ಮಾಡಲು ಕೂತಾಗ ಮೊದಲು ಯಾರ ಹೆಸರು ಬರೆಯಬೇಕು ಎಂಬ ಪ್ರಶ್ನೆ ಬಂತು. ನಿಲ್ಲುವವರಿಗೆ ಲಿಸ್ಟ್ ಬೇಕಿರಲಿಲ್ಲ, ಕೂರುವವರಿಗೆ ಬೇಕು. ಆಫೀಸರುಗಳ ಹೆಂಡತಿಯರನ್ನು ಬಿಡುವಂತಿಲ್ಲ. ಡಾಕ್ಟರ ಮನೆಯವರು, ಬ್ಯಾಂಕಿನವರು, ನನ್ನ ಶಾಲೆಯ ಹೆಡ್ಮಿಸ್, ಕಮಿಟಿ ಸದಸ್ಯರ ಹೆಂಡಂದಿರು, ಅವರ ನಾದಿನಿಯರು. ಇವರಲ್ಲಿ ಬಹಳ ಜನ ಒಂದು ದಿನವೂ ಫುಟ್‌ಬಾಲ್ ನೋಡಿದವರಲ್ಲ. ಅರವತ್ತು ಬೇಗ ತುಂಬಿತು. ಲಿಸ್ಟಿನ ಕೊನೆಯ ಹೆಸರಿಗೆ ಬಂದಾಗ ಖೈರೂನಬಿ ನೆನಪಾದಳು. ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಖೈರೂನಬಿ ನಮ್ಮ ಗಲ್ಲಿಯ ಕೊನೆಯ ಮನೆಯವಳು. ಗಂಡ ಲಾರಿ ಮೆಕ್ಯಾನಿಕ್. ಮಗ ಬಾಬುವೂ ಅದೇ ಗ್ಯಾರೇಜಿನಲ್ಲಿದ್ದ, ಜೊತೆಗೆ ನಮ್ಮೂರ ತಂಡದ ಗೋಲ್‌ಕೀಪರ್. ಇಪ್ಪತ್ತು ವರ್ಷ ಅವ್ವನ ಬಲಗಡೆ ನಿಂತವಳು ಅವಳು. ಮಗ ಆಡಲು ಶುರುಮಾಡಿದ ಮೇಲೆ ಚೆಂಡು ಅವನ ಹತ್ತಿರ ಬಂದರೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವ್ವ ಅವಳ ಮೊಣಕೈ ಹಿಡಿದುಕೊಂಡು, ಬಂತು, ಬಂತು, ಹಾರಿದ, ಹಿಡಿದ, ಕಣ್ಣು ಬಿಡು ಎಂದು ಹೇಳುತ್ತಿದ್ದಳು. ಬಾಬು ಎಷ್ಟೋ ಚೆಂಡು ಹಿಡಿದಿದ್ದಾನೆ. ಅವನ ತಾಯಿ ಅದನ್ನೆಲ್ಲ ನೋಡಿದ್ದು ನನ್ನ ಅವ್ವನ ಬಾಯಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ಅರವತ್ತನೆಯ ಹೆಸರಾಗಿ ನಾನು ಒಬ್ಬ ಆಫೀಸರರ ತಂಗಿಯ ಹೆಸರು ಬರೆದೆ. ಅವರು ಬೇಸಿಗೆಗೆಂದು ಹೊಸಪೇಟೆಯಿಂದ ಬಂದಿದ್ದರು.

ವಿಷಯ ತಿಳಿದಾಗ ಅವ್ವ ಕಡಲೆಬೀಜ ಸುಲಿಯುತ್ತಿದ್ದಳು.

“ಮಾಳಿಗಿಗೆ ಏನಾಗೈತಿ?”

“ಏನೂ ಆಗಿಲ್ಲವ್ವ. ಆದ್ರ ಎಷ್ಟು ದಿನ ಅಂತ ಹಂಗ ಗುಂಪಿನಾಗ ನಿಂತು ನೋಡಾದು? ಮುಂದಿನ ಸಾಲಿನಾಗ ನಿನಗ ಕುರ್ಚಿ ಹಾಕ್ಸೀನಿ. ಡಿಗ್ನಿಟಿ ಅಂತ ಒಂದು ಇರ್ತೈತಿ.”

ಅವ್ವ ಆ ಪದದ ಅರ್ಥ ಕೇಳಲಿಲ್ಲ. ಸಿಪ್ಪೆಯನ್ನು ಒಂದು ಕಡೆ, ಬೀಜವನ್ನು ಒಂದು ಕಡೆ ಹಾಕುತ್ತಲೇ ಇದ್ದಳು.

“ಖೈರೂನ ಎಲ್ಲಿ ಕುಂದ್ರತಾಳ?”

ಈ ಸಲ ಜಾಗ ತುಂಬಿಹೋಯಿತು, ಮುಂದಿನ ವರ್ಷ ಅವಳ ಹೆಸರನ್ನೇ ಮೊದಲು ಬರೆಯುತ್ತೇನೆ ಎಂದೆ. ಅವ್ವ ನನ್ನ ಮುಖ ನೋಡಿದಳು. ಮಗಳು ಓದಿದವಳು, ಊರಿನವರೆಲ್ಲ ಟೀಚರಮ್ಮ ಎಂದು ಕೈಮುಗಿಯುವವಳು, ತನಗಾಗಿ ಏನನ್ನೋ ಮಾಡಿಸಿಕೊಂಡು ಬಂದಿದ್ದಾಳೆ. ಬೇಡವೆಂದರೆ ಅವಳ ಮುಖ ಚಿಕ್ಕದಾಗುತ್ತದೆ. ಆ ಒಂದು ಕಾರಣಕ್ಕೆ ಒಪ್ಪಿದಳು. ಟೂರ್ನಮೆಂಟಿನ ಮೊದಲ ದಿನ ಅಣ್ಣ ಏಣಿ ಹಾಕಲಿಲ್ಲ. ಪುಟ್ಟಿ ಹೊತ್ತು ಬಂದ ಹೆಂಗಸರನ್ನು ಬಾಗಿಲಲ್ಲಿ ನಿಲ್ಲಿಸಿ, ಈ ವರ್ಷದಿಂದ ಲೇಡೀಸಿಗೆ ಮೈದಾನದೊಳಗೇ ವ್ಯವಸ್ಥೆಯಾಗಿದೆ ಎಂದು ಹೇಳಿ ಕಳಿಸಿದವಳು ಅತ್ತಿಗೆ. ಪಾಸಿನ ಮಾತನ್ನು ಅವಳು ಹೇಳಲಿಲ್ಲ. ಅದನ್ನು ಅವರು ಮೈದಾನದ ಗೇಟಿನಲ್ಲಿ ತಿಳಿದುಕೊಂಡರು.

ಫೈನಲ್ ದಿನ ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಮುಂದಿನ ಸಾಲಿನ ನಡುವಿನ ಕುರ್ಚಿ ಅವಳದು, ಅದರ ಎಡಗಡೆಯದು ನನ್ನದು. ಶಾಮಿಯಾನದ ಕೆಳಗೆ ಗುಲಾಬಿ ನೀರು ಚಿಮುಕಿಸಿದರು. ಯಾರೋ ತಟ್ಟೆಯಲ್ಲಿ ತಂಪು ಪಾನೀಯ ತಂದರು. ನಾನು ಪದೇ ಪದೇ ಅವ್ವನ ಕಡೆ ನೋಡುತ್ತಿದ್ದೆ. ಎಷ್ಟು ಚೆಂದ ಕಾಣುತ್ತಿದ್ದಾಳೆ, ಬೆನ್ನು ಎಷ್ಟು ನೆಟ್ಟಗಿದೆ ಎಂದು ಹೆಮ್ಮೆಪಡುತ್ತಿದ್ದೆ. ಕೆಳಗಿನಿಂದ ಆಟವೇ ಬೇರೆ. ಮಾಳಿಗೆಯ ಮೇಲಿನಿಂದ ಇಡೀ ಮೈದಾನ ಅಂಗೈಯಲ್ಲಿ ಇದ್ದಂತೆ ಕಾಣುತ್ತಿತ್ತು. ಇಲ್ಲಿ ಕಾಣುತ್ತಿದ್ದದ್ದು ಓಡಾಡುವ ಮೊಣಕಾಲುಗಳು. ಹಿಂದಿನ ಸಾಲುಗಳಲ್ಲಿ ಸೀರೆಯ ಮಾತು, ಟ್ರಾನ್ಸ್‌ಫರಿನ ಮಾತು ನಡೆದಿತ್ತು. ದಿಬ್ಬದ ಮೇಲಿನ ಗಂಡಸರು ಅಭ್ಯಾಸದಂತೆ ಕೂಗಿ, ಅಭ್ಯಾಸದಂತೆ ನಮ್ಮ ಮಾಳಿಗೆಯ ಕಡೆ ತಿರುಗುತ್ತಿದ್ದರು. ಅಲ್ಲಿಂದ ಉತ್ತರ ಬರುತ್ತಿರಲಿಲ್ಲ. ಅರ್ಧ ಆಟ ಕಳೆಯುವುದರೊಳಗೆ ಅವರ ಕೂಗೂ ತಣ್ಣಗಾಯಿತು.

ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಹರಪನಹಳ್ಳಿಯವರಿಗೆ ಪೆನಾಲ್ಟಿ ಸಿಕ್ಕಿತು. ಬಾಬು ಗೋಲಿನ ನಡುವೆ ಕೈ ಅಗಲಿಸಿ ನಿಂತ. ಅವ್ವನ ಬಲಗೈ ಕುರ್ಚಿಯ ಹಿಡಿಯ ಮೇಲಿಂದ ಎದ್ದು ಪಕ್ಕದಲ್ಲಿ ಏನನ್ನೋ ಹುಡುಕಿತು. ಅಲ್ಲಿದ್ದದ್ದು ಆಫೀಸರರ ತಂಗಿಯ ವ್ಯಾನಿಟಿ ಬ್ಯಾಗು. ಚೆಂಡು ಹಾರಿತು, ಬಾಬು ಎಡಕ್ಕೆ ಬಿದ್ದು ಅದನ್ನು ಹಿಡಿದುಬಿಟ್ಟ. ಅವ್ವ ಎದ್ದು ನಿಂತುಬಿಟ್ಟಳು. ಸೆರಗು ಜಾರಿತ್ತು, ಎರಡೂ ಕೈ ಮೇಲಿದ್ದವು.

“ಹಿಡದ, ಖೈರೂನಾ, ಹಿಡದ. ಕಣ್ಣು ಬಿಡು.”

ಗಂಟಲು ಹಳೆಯದೇ. ಶಾಮಿಯಾನದ ಕೆಳಗೆ ಅದು ಬಹಳ ದೊಡ್ಡದಾಗಿ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು, ಮುದುಕಿ ಎದ್ದು ನಿಂತರೆ ನಮಗೆ ಕಾಣುವುದು ಹೇಗೆ ಎಂದರು. ಹೆಡ್ಮಿಸ್ ನನ್ನ ಕಡೆ ನೋಡಿದರು. ನಾನು ಅವ್ವನ ಸೆರಗಿನ ತುದಿ ಹಿಡಿದು ಕೆಳಗೆ ಎಳೆದೆ.

“ಸಿಟ್ ಡೌನ್, ಅವ್ವಾ.”

ಕನ್ನಡ ಯಾಕೆ ಬರಲಿಲ್ಲವೋ ಗೊತ್ತಿಲ್ಲ. ಕ್ಲಾಸಿನಲ್ಲಿ ದಿನಕ್ಕೆ ನೂರು ಸಲ ಅನ್ನುವ ಮಾತು, ನಾಲಿಗೆಯ ತುದಿಯಲ್ಲೇ ಇತ್ತು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಅವ್ವ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಮ್ಮೂರ ತಂಡ ಗೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವನ ಕೈ ಮಡಿಲಲ್ಲಿತ್ತು.

ಮರುದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ನಮ್ಮ ನಾಯಿಗೆ ತಂಗಳು ರೊಟ್ಟಿ ಹಾಕುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. ಸುತ್ತ ಜನವಿದ್ದರು, ಅವರಿಗೆ ಆಟ ಕಾಣುತ್ತಿರಲಿಲ್ಲ, ಅದಕ್ಕೆ ಹಾಗೆ ಅಂದೆ ಎಂದು ಹೇಳತೊಡಗಿದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ನನಗ ಇಂಗ್ಲೀಷು ಬರಂಗಿಲ್ಲವ್ವ. ಆದ್ರ ಆ ಮಾತು ಗೊತ್ತೈತಿ. ನಿಮ್ಮಣ್ಣನ ಮಗ ಈ ನಾಯಿಗೆ ದಿನಾ ಅಂತಾನ.”

ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು, ಸಿಟ್ಟಿಗೆ ಕ್ಷಮೆ ಕೇಳಬಹುದು. ನಾಯಿ ರೊಟ್ಟಿ ತಿಂದು ಮುಗಿಸಿತು, ಅವ್ವ ಕೈ ತೊಳೆದುಕೊಂಡು ಒಳಗೆ ಹೋದಳು.

ಆ ಮಳೆಗಾಲದಲ್ಲಿ ಮನೆ ಸೋರಿತು. ಹೊಸ ಮಣ್ಣು ಬಿದ್ದಿರಲಿಲ್ಲ, ಯಾರೂ ತುಳಿದಿರಲಿಲ್ಲ. ಪಡಸಾಲೆಯಲ್ಲಿ ಬೋಗುಣಿ, ಅಡುಗೆಮನೆಯಲ್ಲಿ ಪರಾತ, ನನ್ನ ಕೋಣೆಯಲ್ಲಿ ಬಕೆಟ್ಟು. ದೇವರ ಗೂಡಿನ ಮೇಲೇ ಹನಿ ಬಿದ್ದಾಗ ಅಣ್ಣ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದ. ಆ ಹೊಸ ಸೂರಿನ ಮೇಲೆ ಇನ್ನೂರು ಜನ ನಿಲ್ಲಬಹುದಿತ್ತು, ಭಯಪಡುವ ಕಾರಣವೇ ಇರಲಿಲ್ಲ. ಆದರೆ ಅದು ಮುಗಿಯುವಷ್ಟರಲ್ಲಿ ಕಮಿಟಿಯವರು ದಿಬ್ಬವನ್ನು ಸಪಾಟು ಮಾಡಿ ಸಿಮೆಂಟಿನ ಗ್ಯಾಲರಿ ಕಟ್ಟಿಸಿದ್ದರು. ನಮ್ಮ ಮನೆಗೆ ಬೆನ್ನು ಕೊಟ್ಟು, ನಮ್ಮ ಸೂರಿಗಿಂತ ಎರಡಾಳು ಎತ್ತರಕ್ಕೆ. ನಮ್ಮ ಸೂರಿನ ಮೇಲಿನಿಂದ ಈಗ ಕಾಣುತ್ತಿದ್ದದ್ದು ಗ್ಯಾಲರಿಯ ಹಿಂಗೋಡೆ. ಸಾಲುಸಾಲಾಗಿ ನಂಬರು ಬರೆದರು. ಒಂದು ಭಾಗಕ್ಕೆ ಲೇಡೀಸ್ ಎಂದು ಬೋರ್ಡು ಹಾಕಿದರು. ಲಿಸ್ಟ್ ಮಾಡುವ ಕೆಲಸ ನನ್ನಿಂದ ಒಬ್ಬ ಸದಸ್ಯರ ಹೆಂಡತಿಯ ಕೈಗೆ ಹೋಯಿತು. ಖೈರೂನಬಿಯ ಹೆಸರನ್ನು ಮೊದಲು ಬರೆಯುವ ಅವಕಾಶ ನನಗೆ ಬರಲೇ ಇಲ್ಲ. ಬಂದಿದ್ದರೆ ಬರೆಯುತ್ತಿದ್ದೆನೇ ಎಂದು ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ.

ಎರಡನೆಯ ವರ್ಷ ಅವ್ವನ ಪಾಸು ಮೇಜಿನ ಮೇಲೇ ಉಳಿಯಿತು. ಮೊಣಕಾಲು ನೋವು ಎಂದಳು. ನಾನೊಬ್ಬಳೇ ಹೋಗಿ ನನ್ನ ನಂಬರಿನ ಮೇಲೆ ಕೂತೆ. ಮೊದಲ ಗೋಲಾದಾಗ ಗ್ಯಾಲರಿಯಲ್ಲಿ ಚಪ್ಪಾಳೆಯಾಯಿತು. ಆಮೇಲೆ, ಎಲ್ಲ ಸುಮ್ಮನಾದ ಮೇಲೆ, ನನ್ನ ಬೆನ್ನ ಹಿಂದಿನಿಂದ, ಗೋಡೆಯಾಚೆಯಿಂದ ಹೆಂಗಸರ ಕೂಗು ಕೇಳಿಸಿತು. ತಡವಾಗಿ ಬಂದ ಕೂಗು. ಆಟ ಮುಗಿದ ಕೂಡಲೇ ಸುತ್ತುಹಾಕಿ ಗಲ್ಲಿಗೆ ಬಂದೆ. ನಮ್ಮ ಹಿತ್ತಲ ಗೋಡೆಗೂ ಗ್ಯಾಲರಿಯ ಹಿಂಗೋಡೆಗೂ ನಡುವಿನ ಆ ಇಕ್ಕಟ್ಟಿನಲ್ಲಿ ಹದಿನೈದು ಇಪ್ಪತ್ತು ಹೆಂಗಸರು ನಿಂತಿದ್ದರು. ಖೈರೂನಬಿ ಇದ್ದಳು. ಅವಳ ಎಡಗಡೆ, ಮೊಣಕಾಲು ನೋವಿನ ನನ್ನ ಅವ್ವ. ಅವರ ಮುಂದೆ ಇದ್ದದ್ದು ಗಿಲಾಯಿ ಮಾಡದ ಒರಟು ಸಿಮೆಂಟಿನ ಗೋಡೆ, ಬೇರೇನಿಲ್ಲ.

ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ. ಕೂರಲು ಜಾಗವಿದ್ದೂ ಗಲ್ಲಿಯಲ್ಲಿ ಯಾಕೆ ನಿಲ್ಲಬೇಕು, ನೋಡಿದವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಎಂದು ಜಗಳ ತೆಗೆದೆ. ಅಲ್ಲಿ ನಿಂತರೆ ಏನು ಕಾಣುತ್ತದೆ ನಿನಗೆ ಎಂದು ಕೇಳಿದೆ.

“ಏನೂ ಕಾಣಂಗಿಲ್ಲ,” ಎಂದಳು ಅವ್ವ. “ಒಳಗ ಸದ್ದು ಆತಂದ್ರ ಚೆಂಡು ಎಲ್ಲಿ ಐತಿ ಅಂತ ಗೊತ್ತಾಕೈತಿ. ಆಕಿಗೆ ಹೇಳ್ತೀನಿ. ಅಷ್ಟ.”

“ಅಷ್ಟಕ್ಕ ಎರಡು ತಾಸು ನಿಂದ್ರಬೇಕಾ?”

“ನೀನು ನೋಡಾಕ ಹೋಕ್ಕಿ. ನಾನು ನಿಂದ್ರಾಕ ಹೋಕ್ಕೀನಿ.”

ಅದಾದ ಮೇಲೆ ಆ ವಿಷಯ ನಮ್ಮ ನಡುವೆ ಬರಲಿಲ್ಲ. ಆ ಒಂದು ವರ್ಷ ಅವ್ವ ನನಗೆ ಏನೂ ಕಡಿಮೆ ಮಾಡಲಿಲ್ಲ. ಶಾಲೆಗೆ ಡಬ್ಬಿ ಕಟ್ಟಿದಳು, ತಲೆಗೆ ಎಣ್ಣೆ ಹಚ್ಚಿದಳು, ನನಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಒಂದೇ ಒಂದು ಬದಲಾಯಿತು. ಮೊದಲೆಲ್ಲ ನಾನು ಒಳಗೆ ಬಂದರೆ ಹಾಗೇ ಇದ್ದುಬಿಡುತ್ತಿದ್ದವಳು, ಈಗ ಕೆಲಸ ಬಿಟ್ಟು, ಕೈ ಒರೆಸಿಕೊಂಡು, ನನಗೆ ಮಣೆ ಸರಿಸುತ್ತಿದ್ದಳು. ಹೊರಗಿನವರಿಗೆ ಮಾಡುವಂತೆ.

ಮೂರನೆಯ ವರ್ಷದ ಫೈನಲಿಗೆ ನಾನು ಗ್ಯಾಲರಿಗೆ ಹೋಗಲಿಲ್ಲ. ಪಾಸನ್ನು ಅತ್ತಿಗೆಗೆ ಕೊಟ್ಟೆ. ಆಟ ಶುರುವಾದ ಮೇಲೆ ಹಿತ್ತಲ ಬಾಗಿಲು ತೆಗೆದು ಗಲ್ಲಿಗಿಳಿದೆ. ಬಿಸಿಲು ಇನ್ನೂ ಇತ್ತು, ಎರಡೂ ಗೋಡೆಗಳ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಅವರೆಲ್ಲ ಒತ್ತೊತ್ತಾಗಿ ನಿಂತು, ತಲೆ ಒಂದು ಕಡೆ ವಾಲಿಸಿ ಆಲಿಸುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಮಾತು ನಿಂತಿತು. ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ನಾನು ಬಯಸಿದ್ದು ದಾರಿಯನ್ನಲ್ಲ, ಎರಡು ಪಾದದಷ್ಟು ಜಾಗವನ್ನು. ಅವ್ವನ ಹತ್ತಿರ ಹೋಗಿ ನಿಂತೆ. ಖೈರೂನಬಿ ತನ್ನ ಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದಳು:

“ಟೀಚರಮ್ಮ ಬಂದಾರ. ಒಳಗಿಂದ ಕುರ್ಚಿ ತಗಂಡು ಬಾ.”

“ಬ್ಯಾಡ ಖೈರೂನಬಿ. ನಾನೂ ನಿಂದ್ರತೀನಿ.”

“ನಿಮಗ್ಯಾಕ್ರೀ ಆ ತ್ರಾಸು. ನಮಗಂದ್ರ ರೂಢಿ ಐತಿ.”

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಮರ್ಯಾದೆಯೇ ಇತ್ತು, ಎರಡು ವರ್ಷದ ಹಿಂದೆ ನಾನು ಲಿಸ್ಟಿನಲ್ಲಿ ಅವಳಿಗೆ ಕೊಡದಿದ್ದ ಮರ್ಯಾದೆ. ಸೊಸೆ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಇಟ್ಟಳು. ಖೈರೂನಬಿ ತನ್ನ ಸೆರಗಿನಿಂದಲೇ ಅದರ ಧೂಳು ಒರೆಸಿದಳು. ಎಲ್ಲರೂ ಕಾಯುತ್ತಿದ್ದರು. ನಾನು ಕೂರುವವರೆಗೆ ಅವರಿಗೆ ಆಟಕ್ಕೆ ಮರಳಲಾಗುವಂತಿರಲಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು, ಇರಲಿ ಬಿಡು ಖೈರೂನಾ, ಅವಳೂ ನಿಲ್ಲಲಿ ಎಂದು. ಅವ್ವ ಕಿವಿಯನ್ನು ಗೋಡೆಯ ಕಡೆಗೇ ಇಟ್ಟುಕೊಂಡು, ಬಹಳ ಮೆತ್ತಗೆ ಹೇಳಿದಳು:

“ಕುಂದ್ರವ್ವಾ.”

ಕೂತೆ. ಅವರು ಮತ್ತೆ ಒತ್ತಾಗಿ ನಿಂತರು. ಒಳಗಿನಿಂದ ಸದ್ದು ಎದ್ದಿತು, ಅವ್ವ ಖೈರೂನಬಿಯ ಮೊಣಕೈ ಹಿಡಿದಳು. ಬಂತು, ಬಂತು ಎನ್ನತೊಡಗಿದಳು. ಎಲ್ಲರ ಹಿಮ್ಮಡಿಗಳೂ ಒಟ್ಟಿಗೆ ನೆಲ ಬಿಟ್ಟವು. ನಾನು ಎದ್ದು ನಿಂತಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಏಳಲಿಲ್ಲ.